ಹಿಂಬದಿಯ ಕಪಾಟು

ಔಷಧಿ ಅಂಗಡಿಯೆಂಬ ಹೆಸರು ಹೊತ್ತು, ಔಷಧಿಗಿಂತ ಹೆಚ್ಚಾಗಿ ಸೋಪು ಶಾಂಪೂಗಳನ್ನೂ ಲೋಷನ್ನು ತುಟಿಬಣ್ಣಗಳನ್ನೂ ಮಾರುವ ಅಮೆರಿಕದ ವಿಶಾಲವಾದ ಮಳಿಗೆಗಳಲ್ಲಿ ಯಾವುದನ್ನಾದರೂ ಹೊಕ್ಕು, ಬಾಗಿಲ ಬಳಿಯ ಹೊಸ ಸರಕಿನ ಸಾಲುಗಳನ್ನು ದಾಟಿ, ವಿಟಮಿನ್ನುಗಳ ಓಣಿಯನ್ನೂ ಶಿಶುಗಳ ಸಾಮಗ್ರಿಯ ಓಣಿಯನ್ನೂ ಹಿಂದಿಕ್ಕಿ ನಡೆದರೆ, ಗೋಡೆಗೆ ಒತ್ತಿಕೊಂಡೋ ಸಾಲಿನ ತುದಿಯಲ್ಲಿ ಮರೆಯಾಗಿಯೋ ಒಂದು ಕಪಾಟು ಇದ್ದೇ ಇರುತ್ತದೆ. ಮಿಕ್ಕ ಕಪಾಟುಗಳ ಶಿಸ್ತು ಇಲ್ಲಿಲ್ಲ. ಡಿಸೆಂಬರಿನಲ್ಲಿ ರಿಬ್ಬನ್ನು ಕಟ್ಟಿಸಿಕೊಂಡು ಜನವರಿಯಲ್ಲಿ ಯಾರಿಗೂ ಬೇಡವಾದ ಉಡುಗೊರೆಯ ಪೆಟ್ಟಿಗೆ, ಬೇಸಗೆ ಕಳೆದ ಮೇಲೆ ಉಳಿದುಹೋದ ಸನ್‌ಸ್ಕ್ರೀನು, ಕಂಪನಿಯವರು ಸೀಸೆಯ ಆಕಾರವನ್ನು ಬದಲಿಸಿದುದರಿಂದ ಹಳೆಯ ವೇಷದಲ್ಲಿಯೇ ನಿಂತ ಶಾಂಪೂ, ಆ ಊರಿನವರ ಮೈಬಣ್ಣಕ್ಕೆ ಹೊಂದದೆ ಹೋದ ಮುಖಲೇಪ, ಇವೆಲ್ಲವೂ ಹಳದಿಯ ಅಥವಾ ಕೆಂಪಿನ ಚೀಟಿ ಅಂಟಿಸಿಕೊಂಡು ಒಂದರ ಪಕ್ಕದಲ್ಲೊಂದು ನಿಂತಿರುತ್ತವೆ. ಇವುಗಳಲ್ಲಿ ಬಹುಪಾಲು ವಸ್ತುಗಳಿಗೆ ಯಾವ ದೋಷವೂ ಇರುವುದಿಲ್ಲ. ಅವುಗಳಿಗೆ ದೊರೆತ ಸ್ಥಳವೂ ಕಾಲವೂ ಅನುಕೂಲವಾಗಲಿಲ್ಲ, ಅಷ್ಟೆ. ನ್ಯೂಜೆರ್ಸಿಯ ಎಡಿಸನ್ ಪಟ್ಟಣದ ಅಂಗಡಿಯಲ್ಲಿ ಅರ್ಧ ಬೆಲೆಗೂ ಯಾರೂ ಮುಟ್ಟದ ಸೀಸೆಯೊಂದನ್ನು ಮೊಂಟಾನಾದ ಯಾವುದೋ ಹಳ್ಳಿಯ ಗೃಹಿಣಿ ಪೂರ್ಣ ಬೆಲೆಗಿಂತಲೂ ಹೆಚ್ಚು ಕೊಟ್ಟು ತರಿಸಿಕೊಳ್ಳಲು ಸಿದ್ಧಳಾಗಿರುತ್ತಾಳೆ. ಆ ಸೀಸೆಗೂ ಆ ಗೃಹಿಣಿಗೂ ನಡುವಣ ದೂರವನ್ನು ಕ್ರಮಿಸಿಕೊಡುವುದೇ ಒಂದು ವೃತ್ತಿ; ಉದ್ಯೋಗದಿಂದ ನಿವೃತ್ತನಾದ ತರುವಾಯ ನಾನೂ ನನ್ನ ಪತ್ನಿಯೂ ಕೈಗೊಂಡಿರುವ ವೃತ್ತಿ ಇದು.

ಎಡಿಸನ್ ಸುತ್ತಮುತ್ತ ನೆಲೆಸಿರುವ ನಮ್ಮವರಲ್ಲಿ ಕಂಪ್ಯೂಟರಿನ ಉದ್ಯೋಗದವರು, ವೈದ್ಯರು, ಬ್ಯಾಂಕಿನವರು ಹೆಚ್ಚು. ವಯಸ್ಸಾದ ಮನುಷ್ಯ ತೋಟ ಮಾಡಿಕೊಂಡೋ ಮೊಮ್ಮಕ್ಕಳನ್ನು ಶಾಲೆಗೆ ಕರೆದೊಯ್ದುಕೊಂಡೋ ಇರುವುದನ್ನು ಬಿಟ್ಟು, ಅಂಗಡಿಯಿಂದ ಅಂಗಡಿಗೆ ಅಲೆದು ಇಳಿಬೆಲೆಯ ಶಾಂಪೂ ಕೊಂಡು ಅದನ್ನೇ ಆನ್‌ಲೈನಿನಲ್ಲಿ ಮಾರುತ್ತಾನೆಂದರೆ ಕೇಳಿದವರ ಮುಖದಲ್ಲಿ ಕ್ಷಣಕಾಲ ಒಂದು ಸಂಕೋಚ ತೋರಿ ಮರೆಯಾಗುವುದುಂಟು. ಅದಕ್ಕಾಗಿ ನಾನು ಯಾರನ್ನೂ ಆಕ್ಷೇಪಿಸಲಾರೆ. ಬೆವರು ಸುರಿಸಿ ಬೆಳೆದವನಿಗೆ, ಬುದ್ಧಿ ವ್ಯಯಿಸಿ ನಿರ್ಮಿಸಿದವನಿಗೆ ಸಲ್ಲುವ ಗೌರವವು ಒಂದೆಡೆ ಕೊಂಡು ಇನ್ನೊಂದೆಡೆ ಮಾರಿದವನಿಗೆ ಸಲ್ಲದೆಂಬ ಭಾವನೆ ಲೋಕದಲ್ಲಿ ಬಹಳ ಹಳೆಯದು. ಆದರೆ ಇದರ ಒಳಹೊಕ್ಕು ನೋಡಿದ ಮೇಲೆ ನನ್ನಲ್ಲಿ ದೃಢವಾಗಿ ನಿಂತಿರುವ ಅಭಿಪ್ರಾಯ ಬೇರೆ. ಸೀಸೆಯನ್ನು ಸಾಗಿಸುವ ಕೆಲಸಕ್ಕೆ ಲಾರಿಗಳಿವೆ, ಗೋದಾಮುಗಳಿವೆ; ನಮಗೆ ದೊರೆಯುವ ಪ್ರತಿಫಲ ಆ ಸೀಸೆಯನ್ನು ಓದಿದುದಕ್ಕಾಗಿ ದೊರೆಯತಕ್ಕದ್ದು. ಕೊಳ್ಳುವವಳು ಅದನ್ನು ಕೈಯಲ್ಲಿ ಹಿಡಿಯಲಾರಳು, ಮುಚ್ಚಳದ ಕೆಳಗಿನ ಮುದ್ರೆ ಹರಿದಿದೆಯೋ ಇಲ್ಲವೋ ನೋಡಲಾರಳು, ಬುಡವನ್ನು ಬೆಳಕಿಗೆ ಹಿಡಿದು ಅಲ್ಲಿ ಮಸುಕಾಗಿ ಮುದ್ರಿತವಾಗಿರುವ ಸಂಖ್ಯೆಯನ್ನು ಅರಿಯಲಾರಳು. ಅವಳು ಕಾಣಲಾರದುದನ್ನು ಅವಳಿಗಾಗಿ ನೋಡತಕ್ಕವರು ನಾವು. ಮಾರುವ ವಸ್ತು ಬಟ್ಟೆಯೋ ಆಟಿಕೆಯೋ ಆಗಿದ್ದರೆ ಈ ಹೊಣೆ ಇಷ್ಟು ಗುರುತರವಾಗುತ್ತಿರಲಿಲ್ಲ; ಮೈಗೆ ಸವರುವ, ಕಣ್ಣಿನ ಅಂಚಿಗೆ ತೀಡುವ, ಕೂಸಿನ ನೆತ್ತಿಗೆ ಹಚ್ಚುವ ವಸ್ತುವಾದುದರಿಂದ ಇದು ಹಗುರವಾದುದಲ್ಲ.

ಇದರ ವಿಧಾನವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಕಪಾಟಿನ ಮುಂದೆ ನಿಂತು ಪದಾರ್ಥದ ಬಾರ್‌ಕೋಡನ್ನು ಫೋನಿಗೆ ತೋರಿಸಿದರೆ ಅದೇ ವಸ್ತು ಅಮೆಜಾನಿನಲ್ಲಿ ಎಷ್ಟಕ್ಕೆ ಮಾರುತ್ತಿದೆ, ಮಾರಾಟದಲ್ಲಿ ಅದರ ರ‍್ಯಾಂಕ್ ಏನು, ಇನ್ನೆಷ್ಟು ಜನ ಅದನ್ನೇ ಮಾರುತ್ತಿದ್ದಾರೆ ಎಂಬುದು ಕಾಣುತ್ತದೆ. ಕಳೆದ ತಿಂಗಳುಗಳಲ್ಲಿ ಬೆಲೆ ಹೇಗೆ ಏರಿಳಿಯಿತೆಂಬುದನ್ನು ಗೆರೆಯಾಗಿ ತೋರಿಸುವ ಸಾಧನಗಳೂ ಇವೆ. 4 ಡಾಲರಿಗೆ ಕೊಂಡುದು 14 ಡಾಲರಿಗೆ ಮಾರುತ್ತದೆಂದು ಕಂಡೊಡನೆ 10 ಡಾಲರು ಲಾಭವೆಂದು ಹಿಗ್ಗುವುದು ಹೊಸಬರ ಲಕ್ಷಣ. ಪ್ರಸಾಧನ ಮತ್ತು ಆರೋಗ್ಯದ ವಸ್ತುಗಳಿಗೆ ಬೆಲೆ 10 ಡಾಲರು ಮೀರಿದರೆ ಮಾರುಕಟ್ಟೆಯವರಾದ ಅಮೆಜಾನಿನ ಪಾಲು ನೂರಕ್ಕೆ 15, ಅಂದರೆ 2 ಡಾಲರು 10 ಸೆಂಟು. ಅವರ ಗೋದಾಮಿನಲ್ಲಿಟ್ಟು ಅವರಿಂದಲೇ ಕಳುಹಿಸಿದರೆ ಅದಕ್ಕೆ ಸುಮಾರು 4 ಡಾಲರು ಎಂದಿಟ್ಟುಕೊಳ್ಳೋಣ. ಗೋದಾಮಿನವರೆಗೆ ಪೆಟ್ಟಿಗೆ ಕಳುಹಿಸುವ ವೆಚ್ಚ, ಚೀಲ, ಅಂಟುಚೀಟಿ, ಕಾರಿನ ಪೆಟ್ರೋಲು, ಹಿಂದಕ್ಕೆ ಬಂದ ಸರಕು, ಇವೆಲ್ಲ ಕಳೆದು 3 ಡಾಲರು ಉಳಿದರೆ ಅದು ಒಳ್ಳೆಯ ಸೀಸೆ. 10 ಡಾಲರಿನೊಳಗಿನ ವಸ್ತುಗಳಿಗೆ ಆ ಪಾಲು ನೂರಕ್ಕೆ 8 ಮಾತ್ರ. ಆದರೂ ಅಷ್ಟು ಅಗ್ಗದ ವಸ್ತುವಿನಲ್ಲಿ ಉಳಿಯುವುದು ಪುಡಿಗಾಸು. ಅಂಟಂಟಾಗಿ ಕರಗುವ ವಿಟಮಿನ್ ಗಮ್ಮಿಗಳಂಥವನ್ನು ಏಪ್ರಿಲ್ 15ರಿಂದ ಅಕ್ಟೋಬರ್ 15ರವರೆಗೆ ಅಮೆಜಾನಿನ ಗೋದಾಮುಗಳು ಸ್ವೀಕರಿಸುವುದೇ ಇಲ್ಲ. ಉಗುರುಬಣ್ಣ, ಅದನ್ನು ಅಳಿಸುವ ದ್ರವ, ಏರೋಸಾಲ್ ಡಬ್ಬಿ, ಅತ್ತರು, ಇವು ಬೆಂಕಿಗೆ ಹತ್ತಿಕೊಳ್ಳುವ ಜಾತಿಯವಾದುದರಿಂದ ಅವಕ್ಕೆ ಬೇರೆಯೇ ನಿರ್ಬಂಧಗಳುಂಟು. ಹೀಗೆ ಬೇಡವಾದುದನ್ನು ಬಿಡುತ್ತ ಬಿಡುತ್ತ ಬಂದರೆ ತುಂಬಿದ ಕಪಾಟಿನಲ್ಲಿ ಕೊಳ್ಳಬಹುದಾದುದು ಒಂದು ಮೊರದಷ್ಟೂ ಆಗದ ದಿನಗಳೇ ಹೆಚ್ಚು.

ನಿಜವಾದ ಕೆಲಸ ಮನೆಗೆ ಬಂದ ಮೇಲೆ. ಊಟವಾದ ಅನಂತರ ಮೇಜಿನ ಮೇಲೆ ಹಳೆಯ ಬಿಳಿಯ ಪಂಚೆಯೊಂದನ್ನು ಹಾಸಿ, ತಂದ ಸೀಸೆಗಳನ್ನೆಲ್ಲ ಅದರ ಮೇಲೆ ನಿಲ್ಲಿಸಿ, ನನ್ನ ಪತ್ನಿ ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯನ್ನು ಇಳಿಬೆಲೆಯ ಚೀಟಿಯ ಮೇಲೆ ಹಾಯಿಸುತ್ತಾಳೆ. ಅಂಟು ಸಡಿಲವಾಗುತ್ತಲೆ ಉಗುರಿನಿಂದ ಅಲ್ಲ, ಹೆಬ್ಬೆರಳ ತುದಿಯಿಂದ, ಒಂದು ಮೂಲೆಯಿಂದ ಆರಂಭಿಸಿ ನಿಧಾನವಾಗಿ ಎಳೆಯುತ್ತಾಳೆ, ಏಕೆಂದರೆ ಅವಸರ ಮಾಡಿದರೆ ಕೆಳಗಿನ ಮೂಲ ಲೇಬಲ್ಲಿನ ಮೇಲುಪದರ ಕಿತ್ತು ಬರುತ್ತದೆ. ಚೀಟಿ ಹೋದ ಜಾಗದಲ್ಲಿ ಅನೇಕ ವೇಳೆ ಕಾಣುವುದು ಅಂಗಡಿಯ ಚೀಟಿ ಮುಚ್ಚಿದ್ದ ದಿನಾಂಕ. ಮೊದಲು ಅವಳು ನೋಡುವುದೂ ಅದನ್ನೇ. ತರುವಾಯ ಸೀಸೆಯನ್ನು ತಲೆಕೆಳಗು ಮಾಡಿ ಪಂಚೆಯ ಮೇಲೆ ಒಂದಿಷ್ಟು ಹೊತ್ತು ನಿಲ್ಲಿಸುವುದು. ಬಟ್ಟೆಯ ಮೇಲೆ ಎಣ್ಣೆಯ ವೃತ್ತ ಮೂಡಿದರೆ ಆ ಸೀಸೆ ನಮ್ಮ ಮನೆಯ ಬಚ್ಚಲಿಗೆ. ಪಂಪು ಇರುವ ಲೋಷನ್ನಿನ ಕುತ್ತಿಗೆಯಲ್ಲಿ ಒಣಗಿದ ಹನಿಯೊಂದು ಕಂಡರೆ ಯಾರೋ ಅಂಗಡಿಯಲ್ಲಿಯೇ ಒತ್ತಿ ನೋಡಿ ಇಟ್ಟು ಹೋಗಿದ್ದಾರೆಂದು ಅರ್ಥ, ಅದೂ ಬಚ್ಚಲಿಗೆ. ಎಲ್ಲ ಪರೀಕ್ಷೆಯಲ್ಲೂ ಗೆದ್ದುವು ಪಾರದರ್ಶಕ ಚೀಲದೊಳಕ್ಕೆ ಹೋಗುತ್ತವೆ. ಚೀಲದ ಬಾಯಿ 5 ಅಂಗುಲವೋ ಅದಕ್ಕೆ ಮೇಲ್ಪಟ್ಟೋ ಇದ್ದರೆ ಮಕ್ಕಳಿಗೆ ಉಸಿರು ಕಟ್ಟೀತೆಂಬ ಎಚ್ಚರಿಕೆ ಅದರ ಮೇಲೆ ಮುದ್ರಿತವಾಗಿರಬೇಕು. ದಿನಾಂಕವುಳ್ಳ ಸರಕಾದರೆ ಆ ದಿನಾಂಕವನ್ನು ಹೊರಪೆಟ್ಟಿಗೆಯ ಮೇಲೆಯೂ ದಪ್ಪ ಅಕ್ಷರದಲ್ಲಿ ಬರೆಯಬೇಕು. ಅವಧಿ ಮುಗಿಯಲು ಸುಮಾರು 50 ದಿನ ಇರುವಾಗಲೇ ಗೋದಾಮಿನವರು ಅದನ್ನು ಮಾರಾಟದಿಂದ ತೆಗೆದುಬಿಡುತ್ತಾರೆ. ನನ್ನ ಪತ್ನಿಯ ನಿಯಮ ಅದಕ್ಕಿಂತ ಕಠಿನ. ಒಂದು ಸೀಸೆ ಮುಗಿಸಲು ಒಂದು ಸಂಸಾರಕ್ಕೆ ಎಷ್ಟು ಕಾಲ ಬೇಕೋ ಅಷ್ಟು ಕಾಲವನ್ನು ಕೂಡಿಸಿ, ಅದರಾಚೆಗೂ ಅವಧಿ ಉಳಿದಿದ್ದರೆ ಮಾತ್ರ ಅವಳು ಅದನ್ನು ಮಾರುವ ಸಾಲಿಗೆ ಸೇರಿಸುವಳು.

ಈ ದಿನಾಂಕದ ವಿಷಯ ಹೊರಗಿನವರು ತಿಳಿದಷ್ಟು ಸರಳವಲ್ಲ. ಅಮೆರಿಕದ ಕಾನೂನು ಪ್ರಸಾಧನವೆಂದೂ ಔಷಧಿಯೆಂದೂ ಎರಡು ಕೋಣೆಗಳನ್ನು ಮಾಡಿ, ನಾವು ಒಂದೇ ಕನ್ನಡಿಯ ಮುಂದೆ ಇಟ್ಟುಕೊಳ್ಳುವ ವಸ್ತುಗಳನ್ನು ಆ ಎರಡರಲ್ಲಿ ಹಂಚಿಬಿಟ್ಟಿದೆ. ಬೆವರಿನ ವಾಸನೆಯನ್ನು ಮರೆಸುವ ಡಿಯೋಡರೆಂಟು ಪ್ರಸಾಧನ. ಬೆವರನ್ನೇ ತಡೆಯುತ್ತೇನೆಂದರೆ ಅದು ಔಷಧಿ. ಸಾಧಾರಣ ಶಾಂಪೂ ಪ್ರಸಾಧನ. ತಲೆಹೊಟ್ಟಿನ ಶಾಂಪೂ ಔಷಧಿ. ಫ್ಲೋರೈಡು ಬೆರೆತ ಹಲ್ಲಿನ ಪೇಸ್ಟೂ ಔಷಧಿಯೇ, ಸನ್‌ಸ್ಕ್ರೀನೂ ಔಷಧಿಯೇ. ಬೆನ್ನಿನ ಮೇಲೆ ಔಷಧಾಂಶಗಳನ್ನು ತಿಳಿಸುವ ಗೆರೆ ಹಾಕಿದ ಚೌಕ ಇದ್ದರೆ ಅದು ಔಷಧಿಯ ಕೋಣೆಯದು ಎಂದು ಗುರುತಿಸಬಹುದು. ಔಷಧಿಗೆ ಅವಧಿಯ ದಿನಾಂಕ ಇರಬೇಕು. ಮೂರು ವರ್ಷ ಕೆಡದೆ ನಿಲ್ಲುವುದೆಂದು ಸಿದ್ಧಪಡಿಸಿದ, ಪ್ರಮಾಣದ ಮಿತಿಯಿಲ್ಲದ ಕೆಲವಕ್ಕೆ ವಿನಾಯಿತಿ. ಆದುದರಿಂದಲೇ ದಿನಾಂಕವಿಲ್ಲದ ಸನ್‌ಸ್ಕ್ರೀನು ಸಿಕ್ಕಿದರೆ ಕೊಂಡ ದಿನದಿಂದ ಮೂರು ವರ್ಷಕ್ಕೆ ಅದು ಮುಗಿಯಿತೆಂದು ಭಾವಿಸಬೇಕೆಂದು ಅಮೆರಿಕದ ಔಷಧಿ ಇಲಾಖೆ ಹೇಳುತ್ತದೆ. ಆದರೆ ಹಿಂಬದಿಯ ಕಪಾಟಿನಲ್ಲಿ ನಿಂತ ಸನ್‌ಸ್ಕ್ರೀನನ್ನು ಅಂಗಡಿಯವನು ಎಂದು ತರಿಸಿದ್ದನೆಂಬುದನ್ನು ಯಾರು ಬಲ್ಲರು? ನಾವು ಅಂಥದನ್ನು ಮುಟ್ಟುವುದಿಲ್ಲ. ಬಿಸಿಲಿಗೆ ಮೈಯೊಡ್ಡಿ ಸಮುದ್ರತೀರದಲ್ಲಿ ಮಗುವನ್ನು ಆಡಲು ಬಿಟ್ಟ ತಾಯಿ ಆ ಟ್ಯೂಬನ್ನು ನಂಬಿರುತ್ತಾಳೆ. ಅದರೊಳಗಣ ದ್ರವ್ಯದ ಶಕ್ತಿ ಕುಂದಿದ್ದರೆ ಸಂಜೆಯ ಹೊತ್ತಿಗೆ ಆ ಮಗುವಿನ ಹೆಗಲು ಅದನ್ನು ಹೇಳುತ್ತದೆ.

ಇನ್ನು ಬರಿಯ ಪ್ರಸಾಧನವೆನಿಸಿಕೊಂಡ ಕ್ರೀಮು, ಲೋಷನ್ನು, ಕಣ್ಕಪ್ಪುಗಳಿಗಂತೂ ಅಮೆರಿಕದಲ್ಲಿ ದಿನಾಂಕ ಮುದ್ರಿಸಲೇಬೇಕೆಂಬ ಕಟ್ಟಳೆಯೇ ಇಲ್ಲ. ಬುಡದಲ್ಲಿ ಒಂದು ಲಾಟ್ ನಂಬರು ಇರುತ್ತದೆ. ನಾಲ್ಕಾರು ಅಕ್ಷರ ಅಂಕಿಗಳ ಆ ಸಂಕೇತದಲ್ಲಿ ತಯಾರಾದ ವರ್ಷವೂ ದಿನವೂ ಸಾಮಾನ್ಯವಾಗಿ ಅಡಗಿರುತ್ತವೆ, ಆದರೆ ಅದನ್ನು ಬಿಡಿಸುವ ಕೀಲಿ ಕಂಪನಿಗೊಂದು ಬಗೆ. ಯೂರೋಪಿನ ನಿಯಮಕ್ಕೆ ಒಳಪಟ್ಟ ಸರಕಿನಲ್ಲಿ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರವೂ ಅದರೊಳಗೆ ತಿಂಗಳ ಸಂಖ್ಯೆಯೂ ಇರುವುದುಂಟು. ಅದು ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂಬುದನ್ನು ತಿಳಿಸುವುದೇ ಹೊರತು, ತೆರೆಯುವ ಮುನ್ನ ಅದು ಎಷ್ಟು ಕಾಲ ಕಪಾಟಿನಲ್ಲಿ ಕುಳಿತಿತ್ತೆಂಬುದನ್ನು ತಿಳಿಸುವುದಿಲ್ಲ. ಈ ವಿಷಯದಲ್ಲಿ ನನ್ನ ತಾಯ್ನಾಡಿನ ಪದ್ಧತಿಯನ್ನು ಮೆಚ್ಚದೆ ಇರಲಾರೆ; ನಮ್ಮ ಮೈಸೂರು ಸ್ಯಾಂಡಲ್ ಸೋಪನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲನೆಯ ಮಹಾಯುದ್ಧದಿಂದ ಯೂರೋಪಿನ ದಾರಿ ಮುಚ್ಚಿಹೋಗಿ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಕೊಳ್ಳುವವರಿಲ್ಲದೆ ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1916ರ ಸುಮಾರಿಗೆ ಗಂಧದೆಣ್ಣೆ ತೆಗೆಯುವ ಉದ್ಯಮ ಆರಂಭವಾಗಿ ಅದರ ಬೆನ್ನಿಗೇ ಸಾಬೂನೂ ಬಂದಿತಷ್ಟೆ. ಮಾರಾಟವಾಗದೆ ಉಳಿದ ಸರಕಿನಿಂದ ಹುಟ್ಟಿದ ಆ ಮೈಸೂರು ಸ್ಯಾಂಡಲ್ ಸೋಪು ಇಂದು ಎಡಿಸನ್ನಿನ ಓಕ್ ಟ್ರೀ ರಸ್ತೆಯ ದಿನಸಿ ಅಂಗಡಿಗಳಲ್ಲಿಯೂ ಅಮೆಜಾನಿನಲ್ಲಿಯೂ ದೊರೆಯುತ್ತದೆ; ಭಾರತದ ಪೇಟೆಗೆಂದು ಸಿದ್ಧವಾದ ಪೊಟ್ಟಣವಾದರೆ ಅದರ ಮೇಲೆ ತಯಾರಾದ ತಿಂಗಳು ವರ್ಷವೂ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯೂ ಸ್ಪಷ್ಟವಾಗಿ ಓದಸಿಗುತ್ತದೆ. ಆ ಗರಿಷ್ಠ ಬೆಲೆಯನ್ನು ಮೀರಿ ಭಾರತದಲ್ಲಿ ಯಾವ ಅಂಗಡಿಯವನೂ ಮಾರುವಂತಿಲ್ಲವಾದುದರಿಂದ ನಮ್ಮಂಥವರ ವೃತ್ತಿಗೆ ಅಲ್ಲಿ ಎಡೆ ಕಡಮೆ. ಸಗಟು ದರಕ್ಕಿಂತ ಅಗ್ಗವಾಗಿ ದೊಡ್ಡ ಮಳಿಗೆಯಿಂದ ಕೊಂಡು ಪೊಟ್ಟಣದ ಬೆಲೆಯೊಳಗೇ ಮಾರುವ ಸಣ್ಣ ಅಂಗಡಿಕಾರನಿಗೆ ಉಳಿಯುವಷ್ಟೇ ಉಳಿಯುವುದು. ಬೆಲೆಯ ಮಾತು ಹಾಗಿರಲಿ, ತಿಂಗಳು ವರ್ಷಗಳನ್ನು ಎಲ್ಲರೂ ಓದಬಲ್ಲ ಅಂಕಿಯಲ್ಲಿ ಮುದ್ರಿಸಬೇಕೆಂಬ ಆ ಒಂದು ಕಟ್ಟಳೆಯನ್ನು ಅಮೆರಿಕ ತನ್ನ ಪ್ರಸಾಧನಗಳಿಗೂ ವಿಧಿಸಬೇಕೆಂಬುದು ನನ್ನ ಹಾರ್ದಿಕವಾದ ಬಯಕೆ. 2022ರ ಕೊನೆಯಲ್ಲಿ ಅಮೆರಿಕದ ಪ್ರಸಾಧನ ಕಾನೂನು ವಿಸ್ತಾರವಾಗಿ ತಿದ್ದುಪಡಿಯಾದಾಗಲೂ ಆ ಕಟ್ಟಳೆ ಬರಲಿಲ್ಲ.

ಕೊಂಡವನಿಗೆ ಮರಳಿ ಮಾರುವ ಹಕ್ಕುಂಟೆ ಎಂಬ ಪ್ರಶ್ನೆಯನ್ನು ನನ್ನ ಮಿತ್ರರು ಅನೇಕರು ಕೇಳಿದ್ದಾರೆ. ಉಂಟು, ಮತ್ತು ಆ ಹಕ್ಕಿನ ಇತಿಹಾಸದಲ್ಲಿ ಶಾಂಪೂವಿನದೇ ಒಂದು ಸ್ವಾರಸ್ಯವಾದ ಅಧ್ಯಾಯವಿದೆ. ಕ್ಯಾಲಿಫೋರ್ನಿಯದ ಲಾನ್ಜಾ ಎಂಬ ಕಂಪನಿ ತನ್ನ ಕೇಶಪ್ರಸಾಧನಗಳನ್ನು ಸ್ವದೇಶದಲ್ಲಿ ಅಧಿಕೃತ ಕ್ಷೌರಾಲಯಗಳ ಮೂಲಕ ಹೆಚ್ಚಿನ ಬೆಲೆಗೂ, ವಿದೇಶದ ವಿತರಕರಿಗೆ ನೂರಕ್ಕೆ 35ರಿಂದ 40ರಷ್ಟು ಕಡಮೆ ಬೆಲೆಗೂ ಮಾರುತ್ತಿತ್ತು. ಇಂಗ್ಲೆಂಡಿಗೆ ಹೋದ ಕೆಲವು ಟನ್ನು ಸರಕು ಅಲ್ಲಿಂದ ಮಾಲ್ಟಾ ದ್ವೀಪಕ್ಕೆ ಸಾಗಿ, ಸಮುದ್ರ ದಾಟಿ ಮತ್ತೆ ಅಮೆರಿಕಕ್ಕೇ ಬಂದು, ಕ್ವಾಲಿಟಿ ಕಿಂಗ್ ಎಂಬ ವ್ಯಾಪಾರಿಯ ಮೂಲಕ ಅಧಿಕೃತವಲ್ಲದ ಅಂಗಡಿಗಳಲ್ಲಿ ಅಗ್ಗವಾಗಿ ಮಾರಾಟವಾಗತೊಡಗಿತು. ಶಾಂಪೂವಿನ ಮೇಲೆ ಗ್ರಂಥಸ್ವಾಮ್ಯ ಹೇಳುವಂತಿಲ್ಲವಾದುದರಿಂದ ಕಂಪನಿಯವರು ಸೀಸೆಗೆ ಅಂಟಿಸಿದ ಲೇಬಲ್ಲಿನ ಗ್ರಂಥಸ್ವಾಮ್ಯವನ್ನು ಮುಂದೆಮಾಡಿ ನ್ಯಾಯಾಲಯದ ಮೆಟ್ಟಿಲೇರಿದರು. 1998ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಏಕಮತದಿಂದ, ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸರ ಲೇಖನಿಯಿಂದ, ಹೀಗೆಂದು ತೀರ್ಪಿತ್ತಿತು: ತಯಾರಿಸಿದವನು ತಾನೇ ಒಮ್ಮೆ ನ್ಯಾಯವಾಗಿ ಮಾರಿದ ಮೇಲೆ ಆ ಪ್ರತಿಯ ಮುಂದಣ ಮಾರಾಟವನ್ನು ತಡೆಯಲಾರನು, ಅದು ಲೋಕವನ್ನು ಸುತ್ತಿ ಬಂದಿದ್ದರೂ ಸರಿ. ಈ ಹಕ್ಕನ್ನು ದುರುಪಯೋಗ ಮಾಡಿಕೊಳ್ಳುವವರೂ ಇಲ್ಲದಿಲ್ಲ. ಸರಕು ಯಾವ ದಾರಿಯಿಂದ ಸೋರಿಬಂದಿತೆಂಬುದು ಕಂಪನಿಗೆ ತಿಳಿಯದಿರಲೆಂದು ಸೀಸೆಯ ಬುಡದ ಲಾಟ್ ನಂಬರನ್ನು ಚೂಪಾದ ಉಪಕರಣದಿಂದ ಕೆರೆದು ಮಾರುವವರಿದ್ದಾರೆ. ಅಂಥ ಸೀಸೆಯೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಪ್ಲಾಸ್ಟಿಕ್ಕು ಬೆಳ್ಳಗೆ ಗೀರಿಹೋಗಿ, ಒಂದು 'ಕೆ' ಅಕ್ಷರದ ಕಾಲು ಮಾತ್ರ ಉಳಿದಿತ್ತು. ಕಂಪನಿಯವರು ಆ ಲಾಟನ್ನು ನಾಳೆ ದೋಷವುಳ್ಳದ್ದೆಂದು ಹಿಂದಕ್ಕೆ ಕರೆದರೆ ಅದನ್ನು ಬಳಸುತ್ತಿರುವವಳಿಗೆ ಆ ಕರೆ ತನಗೆ ಸಂಬಂಧಿಸಿದ್ದೆಂದು ತಿಳಿಯುವ ಉಪಾಯವೇ ಇರುವುದಿಲ್ಲ. ಬೆಲೆಯಲ್ಲಿ ಮಾಡುವ ಮೋಸಕ್ಕಿಂತ ಇದನ್ನು ನಾನು ಹೆಚ್ಚು ಕ್ರೂರವೆಂದೇ ಎಣಿಸುತ್ತೇನೆ.

ಗಂಧದ್ರವ್ಯವನ್ನೂ ಔಷಧಿಯನ್ನೂ ಹೊತ್ತು ಮಾರುವ ವೃತ್ತಿ ಕನ್ನಡಿಗರಿಗೆ ಹೊಸತಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅಯ್ಯಾವೊಳೆಯ ಐನೂರ್ವರೆಂಬ ವಣಿಕ್ಸಂಘದ ಕೀರ್ತಿಯನ್ನು ಹೇಳುವ ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದು, ಅವರು ಆನೆ ಕುದುರೆಗಳನ್ನೂ ರತ್ನಗಳನ್ನೂ ಮಾರುತ್ತಿದ್ದುದನ್ನು ಹೇಳಿ, ಅದೇ ಉಸಿರಿನಲ್ಲಿ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳ ಹೆಸರನ್ನೂ ಎತ್ತುತ್ತದೆ. ಇವನ್ನು ಸಗಟಾಗಿಯೂ ಮಾರುವರು, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುವರು ಎಂದು ಅದರ ವರ್ಣನೆ. ಅಷ್ಟು ದೊಡ್ಡ ಸಂಘದ ಪ್ರಶಸ್ತಿಯಲ್ಲಿ ಹೆಗಲ ಮೇಲಿನ ಹೊರೆಗೆ ಸ್ಥಾನ ದೊರೆತಿರುವುದು ನನ್ನ ಮನಸ್ಸಿಗೆ ಬಹಳ ಹಿತವಾಗಿದೆ. ಅದಕ್ಕೂ ಹಿಂದಿನ ಕೌಟಿಲ್ಯನ ಅರ್ಥಶಾಸ್ತ್ರವಾದರೋ ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಎಂದು ವ್ಯಾಪಾರಿಯ ಲಾಭಕ್ಕೆ ಗೆರೆ ಎಳೆದಿತ್ತು. ಆ ಗೆರೆಯೊಳಗೆ ನಮ್ಮ ಇಂದಿನ ವೃತ್ತಿ ನಿಲ್ಲಲಾರದು. ದೂರದ ಸರಕಿಗೆ ಇಮ್ಮಡಿ ಲಾಭವನ್ನು ಒಪ್ಪಿದ ಆ ಶಾಸ್ತ್ರಕಾರನು, ದಾರಿಯ ಕಷ್ಟಕ್ಕೂ ನಷ್ಟದ ಭಯಕ್ಕೂ ಬೆಲೆಯುಂಟೆಂಬುದನ್ನಂತೂ ಒಪ್ಪಿಕೊಂಡಿದ್ದನು.

ಲಾಭದ ಮಿತಿ ಎಲ್ಲಿ ಎಂಬ ಈ ಪ್ರಶ್ನೆ 2020ರ ಮಾರ್ಚಿನಲ್ಲಿ ನಮ್ಮ ವೃತ್ತಿಯವರೆಲ್ಲರ ಮುಂದೆಯೂ ಬೆಂಕಿಯ ಅಕ್ಷರದಲ್ಲಿ ಬಂದು ನಿಂತಿತು. ಕೊರೋನಾ ವ್ಯಾಧಿಯಿಂದ ಅಮೆರಿಕದಲ್ಲಿ ಮೊದಲ ಸಾವು ಘೋಷಿತವಾದ ಮರುದಿನವೇ ಟೆನೆಸೀ ರಾಜ್ಯದ ಇಬ್ಬರು ಸೋದರರು ಹೊರಟು, ಆ ರಾಜ್ಯದಲ್ಲಿಯೂ ನೆರೆಯ ಕೆಂಟಕಿಯಲ್ಲಿಯೂ ಸಣ್ಣ ಪುಟ್ಟ ಊರುಗಳ ಅಂಗಡಿಗಳಲ್ಲಿದ್ದ ಕೈತೊಳೆಯುವ ಸ್ಯಾನಿಟೈಜರನ್ನು ಗುಡಿಸಿ ತಂದರು. ಕೆಲವನ್ನು ಬಹಳ ಹೆಚ್ಚಿನ ಬೆಲೆಗೆ ಮಾರಿದ್ದಾಯಿತು. ಅಷ್ಟರಲ್ಲಿ ಅಮೆಜಾನ್ ಅವರ ಮಾರಾಟವನ್ನು ನಿಲ್ಲಿಸಿತು. 17,700 ಸೀಸೆಗಳು ಅವರಲ್ಲಿ ಉಳಿದವು. ಸುದ್ದಿ ಪತ್ರಿಕೆಗೆ ಬಂದು, ದೇಶವೆಲ್ಲ ಛೀಮಾರಿ ಹಾಕಿ, ರಾಜ್ಯದ ಅಧಿಕಾರಿಗಳು ವಿಚಾರಣೆಗೆ ತೊಡಗಿದಾಗ ಆ ಸೀಸೆಗಳನ್ನು ದಾನವಾಗಿ ಕೊಟ್ಟದ್ದಾಯಿತು. ಅವರು ಬಳಸಿದ ವಿಧಾನ ನಾವು ಬಳಸುವ ವಿಧಾನವೇ: ಅಂಗಡಿಯಲ್ಲಿ ಕೊಳ್ಳುವುದು, ಆನ್‌ಲೈನಿನಲ್ಲಿ ಮಾರುವುದು. ಆದರೆ ಅವರು ಮುಟ್ಟಿದ ಕಪಾಟು ಬೇರೆ. ಯಾರೂ ಬೇಡವೆಂದು ಬಿಟ್ಟುದನ್ನು ಬೇಕೆನ್ನುವವರ ಬಳಿಗೆ ಒಯ್ಯುವವನು ಎರಡು ಕಡೆಯವರಿಗೂ ಉಪಕಾರಿ. ಎಲ್ಲರಿಗೂ ಬೇಕಾದುದನ್ನು ಊರವರ ಕೈಯಿಂದ ತಪ್ಪಿಸಿ, ಅದೇ ಊರವರ ಭೀತಿಗೆ ಬೆಲೆ ಕಟ್ಟುವವನು ವ್ಯಾಪಾರಿಯೆಂಬ ಹೆಸರಿಗೆ ಅರ್ಹನಲ್ಲ. ಆ ವಸಂತದಲ್ಲಿ ಸ್ಯಾನಿಟೈಜರು, ಮುಖಕವಚ, ಜ್ವರದ ಮಾತ್ರೆ ಇವುಗಳ ಗೊಡವೆಗೆ ನಾವು ಹೋಗಲಿಲ್ಲ. ಮುಂದೆ ಶಿಶುಗಳ ಹಾಲಿನ ಪುಡಿಗೆ ಬರಗಾಲ ಬಂದ 2022ರಲ್ಲಿಯೂ ಹಾಗೆಯೇ.

ಸಾಧಾರಣ ದಿನಗಳಲ್ಲಿಯೂ ಈ ವಿವೇಚನೆಯ ಅಗತ್ಯ ತಪ್ಪದು. ಹಿಂಬದಿಯ ಕಪಾಟಿನ ಮುಂದೆ ನಾವೊಬ್ಬರೇ ನಿಲ್ಲುವುದಲ್ಲ. ಪಿಂಚಣಿಯ ಹಣದಲ್ಲಿ ತಿಂಗಳು ದೂಡುವ ಮುದುಕಿ, ಕೈಯಲ್ಲೊಂದು ಕಂಕುಳಲ್ಲೊಂದು ಮಗುವನ್ನು ಹೊತ್ತ ತಾಯಿ, ರಾತ್ರಿಪಾಳಿ ಮುಗಿಸಿ ಬಂದ ಕೂಲಿಯವನು, ಇವರೂ ಅಲ್ಲಿಗೇ ಬರುತ್ತಾರೆ; ಅವರಿಗೆ ಅರ್ಧ ಬೆಲೆಯ ಪೇಸ್ಟು, ಒರಟು ಚರ್ಮದ ಕ್ರೀಮು ಅಗತ್ಯವಾದ ವಸ್ತು. ಆದುದರಿಂದ ನಿತ್ಯೋಪಯೋಗದ ಸರಕು ಎಷ್ಟೇ ಅಗ್ಗವಾಗಿರಲಿ, ಎಷ್ಟೇ ಒಳ್ಳೆಯ ರ‍್ಯಾಂಕ್ ಇರಲಿ, ಅದರಲ್ಲಿ ಕಪಾಟು ಬರಿದಾಗುವಷ್ಟು ತೆಗೆಯಬಾರದೆಂದು ನನ್ನ ಪತ್ನಿ ಮೊದಲೇ ನಿರ್ಣಯ ಮಾಡಿಬಿಟ್ಟಿದ್ದಾಳೆ. ಉಡುಗೊರೆಯ ಪೆಟ್ಟಿಗೆಗೆ ಈ ನಿಯಮವಿಲ್ಲ. ಅದನ್ನು ಎಷ್ಟು ಬೇಕಾದರೂ ಒಯ್ಯಬಹುದು. ಇದಲ್ಲದೆ ಇನ್ನೊಂದು ಎಚ್ಚರವೂ ಬೇಕಾಗಿದೆ. ಬೆಲೆಬಾಳುವ ಸರಕನ್ನು ಅಂಗಡಿಗಳಿಂದ ಕದ್ದು ಆನ್‌ಲೈನಿನಲ್ಲಿ ಮಾರುವ ತಂಡಗಳು ಹೆಚ್ಚಿದುದರಿಂದ ಕ್ಷೌರದ ಅಲಗು, ಕೆನೆ, ಪೇಸ್ಟುಗಳನ್ನೂ ಗಾಜಿನ ಕಪಾಟಿನೊಳಗೆ ಬೀಗ ಹಾಕಿ ಇಡುವ ಸ್ಥಿತಿ ಅನೇಕ ಪಟ್ಟಣಗಳಲ್ಲಿ ಬಂದಿದೆ. ಅಂಥ ಕಳವಿನ ಮಾರಾಟವನ್ನು ತಡೆಯಲೆಂದು 2023ರ ಜೂನ್ 27ರಿಂದ ಜಾರಿಗೆ ಬಂದ ಕಾನೂನಿನಂತೆ ಒಂದು ವರ್ಷದಲ್ಲಿ 200 ಮಾರಾಟಗಳನ್ನೂ 5,000 ಡಾಲರನ್ನೂ ಮುಟ್ಟಿದ ಮಾರಾಟಗಾರರು ತಮ್ಮ ಬ್ಯಾಂಕು, ತೆರಿಗೆಯ ಸಂಖ್ಯೆ, ವಿಳಾಸಗಳನ್ನು ಮಾರುಕಟ್ಟೆಯವರಿಗೆ ಸಾಕ್ಷ್ಯಸಮೇತ ಒಪ್ಪಿಸಬೇಕು. ನಾವೂ ಒಪ್ಪಿಸಿದ್ದೇವೆ, ಸಂತೋಷದಿಂದ. ಪ್ರತಿಯೊಂದು ಅಂಗಡಿಯ ರಸೀದಿಯನ್ನೂ, ಸಿವಿಎಸ್ ಎಂಬ ಔಷಧಿ ಮಳಿಗೆಯವರ ಆ ಮಾರುದ್ದದ ರಸೀದಿಯನ್ನು ಕೂಡ, ಮಡಿಸಿ ತಿಂಗಳವಾರು ಲಕೋಟೆಗಳಲ್ಲಿ ಇಟ್ಟುಕೊಂಡಿದ್ದೇವೆ.

ನನಗೆ ಅತ್ಯಂತ ಪ್ರಿಯವಾದ ಭಾಗವೆಂದರೆ ತಯಾರಿಕೆ ನಿಂತುಹೋದ ವಸ್ತುಗಳದು. ಬಾತ್ ಆ್ಯಂಡ್ ಬಾಡಿ ವರ್ಕ್ಸ್ ಎಂಬ ಸಂಸ್ಥೆ ಬೇಸಗೆಯಲ್ಲೊಮ್ಮೆ, ಕ್ರಿಸ್‌ಮಸ್ಸಿನ ತರುವಾಯ ಮತ್ತೊಮ್ಮೆ ದೊಡ್ಡ ಇಳಿಬೆಲೆಯ ಮಾರಾಟ ನಡೆಸುತ್ತದೆ. ಮರೆಯಾಗಲಿರುವ ಪರಿಮಳಗಳು, ಒಮ್ಮೆ ಮರೆಯಾಗಿ ಕೆಲವು ವಾರಗಳಿಗೆಂದು ಮರಳಿಬಂದ ಪರಿಮಳಗಳು ಆಗ ಅಲ್ಲಿ ರಾಶಿಯಾಗಿರುತ್ತವೆ. ತೊಂಬತ್ತರ ದಶಕದಲ್ಲಿ ಕಾಲೇಜಿನಲ್ಲಿದ್ದ ಅಮೆರಿಕದ ಹೆಂಗಸರಿಗೆ ಸೌತೆಕಾಯಿ ಕರ್ಬೂಜಗಳ ಒಂದು ಪರಿಮಳ ಇಡೀ ಯೌವನದ ನೆನಪು. ಅಂಥ ಲೋಷನ್ನಿಗೆ ನಾವು ಬೆಲೆ ಹೇಳಿದಾಗ ಯಾರೂ ಚೌಕಾಸಿ ಮಾಡುವುದಿಲ್ಲ. ಅವರು ಕೇಳುವುದು ಬೇರೆ. ಇದು ಆ ಹಳೆಯ ಬಗೆಯೇ, ಹೆಸರು ಮಾತ್ರ ಉಳಿಸಿಕೊಂಡ ಹೊಸ ಬಗೆಯೇ ಎಂದು ವಿಚಾರಿಸುತ್ತಾರೆ. ಹಳೆಯ ಮೈಸೂರಿನ ಹಳ್ಳಿಗಳಿಗೆ ಬರುತ್ತಿದ್ದ ಬಳೆಗಾರನು ಯಾವ ಮನೆಯ ಮಗಳಿಗೆ ಯಾವ ಬಣ್ಣ ಒಪ್ಪುತ್ತದೆಂಬುದನ್ನು ನೆನಪಿನಲ್ಲಿಟ್ಟು ಪಟ್ಟಣದಲ್ಲಿ ಅದನ್ನೇ ಹುಡುಕಿ ತರುತ್ತಿದ್ದಂತೆ, ನನ್ನ ಪತ್ನಿಯೂ ಕೇಳಿ ಬಂದವರ ಅಪೇಕ್ಷೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗುತ್ತಾಳೆ. ತನ್ನ ತಾಯಿ ಹಚ್ಚಿಕೊಳ್ಳುತ್ತಿದ್ದ ಪೌಡರಿನ ಡಬ್ಬಿ ದೊರೆತೀತೆ ಎಂದು ಒಬ್ಬಳು ಕೇಳಿದ್ದಳು. ಅದು ಹಳೆಯದು, ಮೈಗೆ ಹಚ್ಚತಕ್ಕದ್ದಲ್ಲ, ಎತ್ತಿಡಲು ಮಾತ್ರವೆಂದು ಸ್ಪಷ್ಟವಾಗಿ ಬರೆದು, ಬುಡದ ಲಾಟ್ ನಂಬರಿನ ಛಾಯಾಚಿತ್ರವನ್ನೂ ಕಳುಹಿಸಿ, ಅವಳು ಒಪ್ಪಿದ ಮೇಲೆಯೇ ಅದನ್ನು ಕಳುಹಿಸಿದ್ದು.

1962ರಲ್ಲಿ ಪೆನ್ಸಿಲ್ವೇನಿಯದ ಸ್ಕ್ರಾಂಟನ್ನಿನಲ್ಲಿ ಒಂದು ಅಂಗಡಿಯಾಗಿ ಹುಟ್ಟಿ ಸಾವಿರಾರು ಔಷಧಿ ಮಳಿಗೆಗಳಾಗಿ ಬೆಳೆದಿದ್ದ ರೈಟ್ ಏಡ್ ಸಂಸ್ಥೆ, 2023ರಲ್ಲೊಮ್ಮೆ, 2025ರಲ್ಲಿ ಮತ್ತೊಮ್ಮೆ ದಿವಾಳಿಯ ಅರ್ಜಿ ಸಲ್ಲಿಸಿ, 2025ರ ಶರತ್ಕಾಲದಲ್ಲಿ ತನ್ನ ಕೊನೆಯ ಬಾಗಿಲುಗಳನ್ನೂ ಮುಚ್ಚಿತು. ಮುಚ್ಚುವ ಮುನ್ನ ಅಂಗಡಿಯೆಲ್ಲವೂ ಹಿಂಬದಿಯ ಕಪಾಟೇ ಆಗಿತ್ತು. ನಮ್ಮ ವೃತ್ತಿಯವರು ಬಹುಮಂದಿ ಬಂಡಿಗಟ್ಟಲೆ ಕೊಂಡರು. ಎಲ್ಲರೂ ಅದೇ ಸರಕನ್ನು ಒಟ್ಟಿಗೆ ಮಾರಲು ಹೊರಟುದರಿಂದ ಆನ್‌ಲೈನಿನ ಬೆಲೆ ನೆಲಕಚ್ಚಿತು, ಕೊಂಡುದು ಅನೇಕರ ಗ್ಯಾರೇಜಿನಲ್ಲಿಯೇ ಉಳಿಯಿತು. ಇಂಥ ದೊಡ್ಡ ಮಳಿಗೆಗಳು ಕಡಮೆಯಾಗುತ್ತಿರುವ ಈ ದಿನಗಳಲ್ಲಿ ನಾವು ಸ್ವತಂತ್ರರಾದ ಸಣ್ಣ ಔಷಧಿ ಅಂಗಡಿಗಳ ಕಡೆಗೆ ತಿರುಗಿದ್ದೇವೆ. ಪಕ್ಕದ ಊರಿನಲ್ಲಿ ಅಂಥದೊಂದು ಅಂಗಡಿಯಿದೆ. ಅದರ ಯಜಮಾನ ಪ್ರತಿ ತಿಂಗಳ ಮೊದಲ ವಾರ ಕಪಾಟಿನ ಪ್ರತಿಯೊಂದು ವಸ್ತುವಿನ ಅವಧಿಯನ್ನೂ ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಸೀಸದಕಡ್ಡಿಯಿಂದ ಬರೆದುಕೊಂಡು, ಆರು ತಿಂಗಳೊಳಗೆ ಮುಗಿಯುವುವನ್ನು ಬೇರೆ ಬುಟ್ಟಿಗೆ ಹಾಕುತ್ತಾನೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಅವಧಿಯುಳ್ಳ, ಆದರೆ ಅವನಲ್ಲಿ ಮಾರಾಟವಾಗದ ಸರಕನ್ನು ಅಂಗಡಿಯ ಮುದ್ರೆಯುಳ್ಳ ಸಗಟು ಬಿಲ್ಲಿನ ಮೇಲೆ ನೇರವಾಗಿ ನಮಗೇ ಕೊಡುವ ಒಪ್ಪಂದ ಈಗ ಆಗಿದೆ. ಸರಕಿನ ಮೂಲಕ್ಕೆ ಸಾಕ್ಷ್ಯವಾಗಿ ಅಂಗಡಿಯ ರಸೀದಿಯನ್ನು ಒಪ್ಪದ ಮಾರುಕಟ್ಟೆಯವರು ಆ ಬಿಲ್ಲನ್ನು ಒಪ್ಪುತ್ತಾರೆ. ಮೊದಲ ಪೆಟ್ಟಿಗೆಯಲ್ಲಿ ಬಂದುದು ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮು, ಬಾಣಂತಿಯರ ಎಣ್ಣೆ, ಮತ್ತು ನನ್ನ ಪತ್ನಿಯ ಪುಸ್ತಕದಲ್ಲಿ ಮೂವರು ಕೇಳಿ ಬರೆಸಿದ್ದ ಒಂದು ಗುಲಾಬಿಯ ಸೋಪು.